ಕಾಣದ ಗಳಗಂಡ

ಗಳಗಂಡವೆಂಬುದು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸ ಮಾತಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿಯೇ ಅದರ ಲಕ್ಷಣಗಳ ವಿವರಣೆ ಉಂಟು. ಕೊರಳಿನ ಮುಂದೆ ಗಂಟು ಬೆಳೆದು ಇಳಿಬಿದ್ದವನನ್ನು ಗುರುತಿಸಲು ವೈದ್ಯನೇ ಬೇಕಾಗಿರಲಿಲ್ಲ. ದಾರಿಹೋಕನಿಗೂ ಅದು ಕಾಣುತ್ತಿತ್ತು. ಇಂದು ಅದೇ ಕುಲಕ್ಕೆ ಸೇರಿದ, ಆದರೆ ಕಣ್ಣಿಗೆ ಕಾಣದ ತೊಂದರೆಯೊಂದು ನಮ್ಮ ನಡುವೆ ಹಬ್ಬಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಕಲಬುರಗಿ ಜಿಲ್ಲೆಯ ಈ ಊರುಗಳಲ್ಲಿ ‘ಥೈರಾಯ್ಡ್’ ಎಂಬ ಮಾತು ಈಗ ಔಷಧದ ಅಂಗಡಿಯಿಂದ ಬಸ್ ನಿಲ್ದಾಣದವರೆಗೆ ಕೇಳಿಬರುತ್ತದೆ. ಮಾತು ಹರಡಿದಷ್ಟು ಬೇಗ ತಿಳಿವಳಿಕೆ ಹರಡಿಲ್ಲ. ನಾನು ವೈದ್ಯನಲ್ಲ, ಈ ಭಾಗದ ಶಾಲೆಗಳಲ್ಲಿ ಪಾಠ ಹೇಳಿದವನು. ಆದರೂ ಈ ವಿಷಯ ಮಕ್ಕಳ ಬುದ್ಧಿಗೂ ತಾಯಂದಿರ ಬಾಳಿಗೂ ಸಂಬಂಧಪಟ್ಟುದಾದ್ದರಿಂದ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಥೈರಾಯ್ಡ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯ ‘ಗುರಾಣಿ’ ಎಂಬ ಶಬ್ದ. ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕುಳಿತಿರುವ ಈ ಪುಟ್ಟ ಗ್ರಂಥಿ ರಕ್ತದಿಂದ ಅಯೋಡಿನನ್ನು ಹೀರಿಕೊಂಡು ಥೈರಾಕ್ಸಿನ್ ಮೊದಲಾದ ರಸಗಳನ್ನು ಮಾಡುತ್ತದೆ. ದೇಹದ ಜೀವಕೋಶಗಳೆಲ್ಲ ಎಷ್ಟು ವೇಗವಾಗಿ ಉರಿಯಬೇಕು, ಹೃದಯ ಎಷ್ಟು ಚುರುಕಾಗಿ ಬಡಿಯಬೇಕು, ಮಗುವಿನ ಮೆದುಳು ಹೇಗೆ ಬೆಳೆಯಬೇಕು ಎಂಬುದೆಲ್ಲ ಈ ರಸದ ಅಳತೆಯನ್ನು ಅವಲಂಬಿಸಿದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಕೇವಲ ೧೫೦ ಮೈಕ್ರೋಗ್ರಾಂ, ಗರ್ಭಿಣಿಯರಿಗೆ ೨೫೦. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಒಂದು ಮೈಕ್ರೋಗ್ರಾಂ. ಇಷ್ಟು ಅಲ್ಪ ವಸ್ತುವಿನ ಅಭಾವದಿಂದ ಇಡೀ ಬಾಳು ಮಂಕಾಗಬಹುದೆಂಬುದು ಸೃಷ್ಟಿಯ ವೈಚಿತ್ರ್ಯವೇ ಸರಿ.

ಅಯೋಡಿನ್ನಿನ ತವರು ಸಮುದ್ರ. ೧೮೧೧ರಲ್ಲಿ ಫ್ರಾನ್ಸಿನ ಕೂರ್ತ್ವಾ ಅದನ್ನು ಮೊದಲು ಕಂಡುದೂ ಕಡಲಕಳೆಯ ಬೂದಿಯಲ್ಲಿಯೇ. ಶಹಾಬಾದದ ಫರಸಿ ಕಲ್ಲು ಕೂಡ ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರದ ತಳದಲ್ಲಿ ಕೂಡಿಬಂದ ಸುಣ್ಣದ ಕಲ್ಲು. ಆದರೆ ಕಲ್ಲು ಕಡಲಿನದಾದ ಮಾತ್ರಕ್ಕೆ ನೆಲದಲ್ಲಿ ಅಯೋಡಿನ್ ಉಳಿದಿದೆಯೆಂದು ತಿಳಿಯಬಾರದು. ಅದು ನೀರಿನಲ್ಲಿ ಕರಗಿ ಮಳೆಯೊಡನೆ ಹರಿದುಹೋಗುವ ಪದಾರ್ಥ. ಕಡಲಿನಿಂದ ದೂರವಿರುವ ಒಳನಾಡಿನ ಜೋಳ, ತೊಗರಿ, ಸಜ್ಜೆಗಳನ್ನೇ ನಂಬಿದರೆ ಬೇಕಾದಷ್ಟು ಅಯೋಡಿನ್ ಸಿಕ್ಕೀತೆಂಬ ಭರವಸೆಯಿಲ್ಲ. ಸಾಲದ್ದಕ್ಕೆ, ಸಜ್ಜೆಯಲ್ಲಿ ಗ್ರಂಥಿಯ ಕೆಲಸಕ್ಕೆ ತಡೆಯೊಡ್ಡುವ ಅಂಶವಿದೆಯೆಂದು ಸುಡಾನ್ ದೇಶದ ಅನುಭವದಿಂದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹಾಗೆಂದು ಸಜ್ಜೆಯ ರೊಟ್ಟಿಯನ್ನು ಬಿಡಬೇಕಾಗಿಲ್ಲ. ಅಯೋಡಿನ್ ಸಾಕಷ್ಟಿರುವ ಮನೆಯಲ್ಲಿ ಅದರಿಂದ ಭಯವಿಲ್ಲ. ಅಭಾವವಿದ್ದಲ್ಲಿ ಮಾತ್ರ ಅದು ಗಾಯದ ಮೇಲೆ ಬರೆ.

ನಮ್ಮ ದೇಶ ಈ ಅಭಾವವನ್ನು ಎದುರಿಸಿದ ಕಥೆ ಹೆಮ್ಮೆಪಡತಕ್ಕದ್ದು. ೧೯೫೬ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಹಿಮಾಲಯದ ಕಾಂಗ್ಡಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಕೊಟ್ಟು ನೋಡಿದರು. ಕೆಲವೇ ವರ್ಷಗಳಲ್ಲಿ ಮೊದಲಿನ ಎರಡು ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡ ಇಳಿಮುಖವಾಯಿತು. ಆ ಆಧಾರದ ಮೇಲೆ ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಇದು ಬೆಟ್ಟದ ಜನರ ರೋಗವೆಂಬ ನಂಬಿಕೆ ಮುಂದೆ ಸುಳ್ಳಾಯಿತು. ಸಮೀಕ್ಷೆ ನಡೆದಂತೆಲ್ಲ ಯಾವ ರಾಜ್ಯವೂ ಇದರಿಂದ ಮುಕ್ತವಲ್ಲವೆಂದು ತಿಳಿದುಬಂತು. ೧೯೯೨ರಲ್ಲಿ ಕಾರ್ಯಕ್ರಮದ ಹೆಸರು ‘ಅಯೋಡಿನ್ ಕೊರತೆಯ ದೋಷಗಳ ನಿಯಂತ್ರಣ’ ಎಂದು ಬದಲಾಯಿತು. ಈ ಬದಲಾವಣೆಯಲ್ಲಿ ದೊಡ್ಡ ಅರ್ಥವಿದೆ: ಕೊರಳಿನ ಗಂಟು ರೋಗದ ಒಂದು ಗುರುತು ಮಾತ್ರ; ನಿಜವಾದ ನಷ್ಟ ಗರ್ಭದಲ್ಲಿ, ಮೆದುಳಿನಲ್ಲಿ ಆಗುತ್ತದೆ. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟದ ಮೇಲಿನ ನಿಷೇಧ ೨೦೦೦ದಲ್ಲಿ ಒಮ್ಮೆ ರದ್ದಾಗಿ, ೨೦೦೬ರಲ್ಲಿ ಮತ್ತೆ ಜಾರಿಗೆ ಬಂತು.

ಹಾಗಾದರೆ ಉಪ್ಪು ಬದಲಾದ ಮೇಲೂ ಥೈರಾಯ್ಡ್ ತೊಂದರೆ ಏಕೆ ಹೆಚ್ಚಾಗಿ ಕಾಣುತ್ತಿದೆ? ಈ ಪ್ರಶ್ನೆಯಲ್ಲಿಯೇ ಇಂದಿನ ಗೊಂದಲದ ಬೇರು ಇದೆ. ಅಯೋಡಿನ್ ಕೊರತೆ ಒಂದು ಕಾರಣ ಮಾತ್ರ. ೧೯೧೨ರಲ್ಲಿ ಜಪಾನಿನ ಹಶಿಮೊಟೊ ವರ್ಣಿಸಿದ ಇನ್ನೊಂದು ವ್ಯಾಧಿಯಲ್ಲಿ ದೇಹದ ರಕ್ಷಣೆಗೆಂದು ಇರುವ ಶಕ್ತಿಯೇ ಸ್ವಂತ ಗ್ರಂಥಿಯ ಮೇಲೆ ತಿರುಗಿಬಿದ್ದು ಅದನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹಲವು ಪಟ್ಟು ಹೆಚ್ಚು, ಉಪ್ಪಿನಿಂದ ವಾಸಿಯಾಗತಕ್ಕದ್ದಲ್ಲ. ಬಾಣಂತಿತನದಲ್ಲಿ ಗ್ರಂಥಿ ಕೆರಳುವುದುಂಟು. ಹೃದಯಕ್ಕೂ ಮನೋರೋಗಕ್ಕೂ ಕೊಡುವ ಕೆಲವು ಔಷಧಗಳಿಂದ ಏರುಪೇರಾಗುವುದೂ ಉಂಟು. ಬೆಂಗಳೂರು, ಹೈದರಾಬಾದು ಸೇರಿದಂತೆ ಎಂಟು ನಗರಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದ ವಯಸ್ಕರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗ್ರಂಥಿ ಮಂದವಾಗಿತ್ತು.

ಗ್ರಂಥಿ ಮಂದವಾದಾಗ ಆಯಾಸ, ಮೈಭಾರ, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮರೆವು, ಗರ್ಭ ನಿಲ್ಲದಿರುವುದು ತೋರಬಹುದು. ಅತಿಯಾದಾಗ ಹಸಿವಿದ್ದೂ ಮೈ ಸೊರಗುವುದು, ಎದೆ ಡವಡವಿಸುವುದು, ಕೈ ನಡುಗುವುದು, ಬೆವರು. ಕೆಲವರಲ್ಲಿ ಕಣ್ಣುಗುಡ್ಡೆ ಮುಂದೆ ಬರುವುದು. ಇವುಗಳಲ್ಲಿ ಒಂದೂ ಈ ರೋಗಕ್ಕೇ ಮೀಸಲಾದ ಗುರುತಲ್ಲ. ಬೇಸಿಗೆಯ ಝಳದಲ್ಲಿ ಬೆವರದವರಾರು? ಗಣಿಯಲ್ಲಿ ಕಲ್ಲು ಹೊತ್ತು, ಹೊಲದಲ್ಲಿ ತೊಗರಿ ಕೊಯ್ದು ಬಂದವಳು “ಮೈಯಾಗ ತ್ರಾಣ ಇಲ್ಲ” ಎಂದರೆ ಅದನ್ನು ರೋಗವೆಂದು ಯಾರು ಬಗೆದಾರು? ದುಡಿಮೆಯೂ ರಕ್ತಹೀನತೆಯೂ ಈ ರೋಗದ ಮುಖಕ್ಕೆ ಮುಸುಕು ಹಾಕುತ್ತವೆ. ಮನೆಯವರು ಅದನ್ನು ಸೋಮಾರಿತನವೆನ್ನುತ್ತಾರೆ. ಅವಳೂ ಕ್ರಮೇಣ ಹಾಗೆಯೇ ನಂಬುತ್ತಾಳೆ. ಕಾಣದ ರೋಗದ ಕ್ರೌರ್ಯ ಇರುವುದು ಇಲ್ಲಿ.

ಮುಸುಕನ್ನು ತೆಗೆಯುವುದು ರಕ್ತದ ಒಂದು ಸರಳ ಪರೀಕ್ಷೆ. ಅದರ ತರ್ಕವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಗಣಿಯ ಮುಕಾದಮನಿದ್ದಂತೆ. ಕೆಲಸಗಾರ ನಿಧಾನಿಸಿದಷ್ಟೂ ಅವನ ಕೂಗು ಜೋರಾಗುತ್ತದೆ. ಆ ಕೂಗೇ ಟಿಎಸ್‌ಎಚ್. ಆದ್ದರಿಂದ ಈ ಸಂಖ್ಯೆ ಏರಿದರೆ ಥೈರಾಯ್ಡ್ ಸಾಮಾನ್ಯವಾಗಿ ಮಂದವಾಗಿದೆಯೆಂದೂ, ತೀರ ಇಳಿದರೆ ಅತಿಯಾಗಿದೆಯೆಂದೂ ಅರ್ಥ. ಅನೇಕರು ಇದನ್ನು ತಿರುವುಮುರುವಾಗಿ ತಿಳಿದು ಗಾಬರಿಯಾಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪಣ ಗರ್ಭಿಣಿಯದು. ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಸ್ವಂತ ಥೈರಾಕ್ಸಿನ್ ಇಲ್ಲ. ತಾಯಿಯ ರಕ್ತದಿಂದ ಬಂದುದೇ ಅದರ ಮೆದುಳಿಗೆ ಆಧಾರ. ೨೦೧೪ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿ ಅಪಾಯ ಹೆಚ್ಚಿರುವ ಗರ್ಭಿಣಿಯರನ್ನು ಆರಿಸಿ ಪರೀಕ್ಷಿಸಬೇಕೆಂದು ಹೇಳಿತು. ಆರಿಸಬೇಕಾದರೆ ಕೇಳಬೇಕು: ಹಿಂದೆ ಗರ್ಭಪಾತವಾಗಿತ್ತೇ, ಮನೆಯಲ್ಲಿ ಯಾರಿಗಾದರೂ ಈ ರೋಗವಿದೆಯೇ ಎಂದು. ನೂಕುನುಗ್ಗಲಿನ ಆಸ್ಪತ್ರೆಯಲ್ಲಿ ಹಾಗೆ ಸಾವಧಾನವಾಗಿ ಕೇಳುವುದೂ ಸುಲಭವಲ್ಲ, ಚಿಂಚೋಳಿಯ ತಾಂಡಾದಿಂದ ಬಂದ ಹೆಣ್ಣುಮಗಳು ಸಂಕೋಚ ಬಿಟ್ಟು ಹೇಳುವುದೂ ಸುಲಭವಲ್ಲ. ಆದ್ದರಿಂದ ಆರಿಸುವ ಬದಲು ಎಲ್ಲ ಗರ್ಭಿಣಿಯರನ್ನೂ ಪರೀಕ್ಷಿಸುವುದೇ ನ್ಯಾಯವೆಂದು ನನಗೆ ತೋರುತ್ತದೆ. ಖರ್ಚು ಹೆಚ್ಚೆಂಬ ಆಕ್ಷೇಪ ಬಂದೀತು. ಮಂದಬುದ್ಧಿಯ ಮಗುವೊಂದನ್ನು ಜೀವಮಾನವಿಡೀ ಸಾಕುವ ಬಡ ಕುಟುಂಬದ ಖರ್ಚನ್ನು ಆ ಲೆಕ್ಕದಲ್ಲಿ ಬರೆದವರುಂಟೇ?

ಇನ್ನೊಂದು ಸಣ್ಣ ವಿಷಯ. ಪರಿಣಾಮ ಮಾತ್ರ ಸಣ್ಣದಲ್ಲ. ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಸುಣ್ಣದ ಸತ್ತ್ವದ ಮಾತ್ರೆಗಳನ್ನು ಅದರೊಡನೆ ಸೇವಿಸಿದರೆ ಅದು ರಕ್ತಕ್ಕೆ ಸರಿಯಾಗಿ ಸೇರದು. ನಡುವೆ ನಾಲ್ಕು ಗಂಟೆಗಳ ಅಂತರ ಬೇಕು. ಎರಡನ್ನೂ ಕೊಟ್ಟು ಈ ಮಾತೊಂದನ್ನು ಹೇಳದಿದ್ದರೆ ಔಷಧವಿದ್ದೂ ಇಲ್ಲದಂತೆ. ಅಕ್ಷರ ಬಾರದವಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಬೇಕಾದವರು ಆಶಾ ಕಾರ್ಯಕರ್ತೆಯರು. ಅವರಿಗೆ ಹೇಳಬೇಕಾದವರು ವೈದ್ಯರು. ದುಡಿಮೆಗೆಂದು ಪುಣೆಗೋ ಹೈದರಾಬಾದಿಗೋ ಹೊರಡುವವರು ಮಾತ್ರೆಯನ್ನು ಅರ್ಧಕ್ಕೆ ಬಿಡದಂತೆ ಎಚ್ಚರಿಸುವುದೂ ಅಷ್ಟೇ ಅಗತ್ಯ.

ಸಾವಿರ ಶಿಶುಗಳಿಗೆ ಹೆಚ್ಚುಕಡಿಮೆ ಒಂದು, ಗ್ರಂಥಿ ಕೆಲಸಮಾಡದೆಯೇ ಹುಟ್ಟುತ್ತದೆ. ಹುಟ್ಟಿದಾಗ ಅದು ಎಲ್ಲ ಮಕ್ಕಳಂತೆಯೇ ಕಾಣುತ್ತದೆ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ, ಮೊದಲೆರಡು ವಾರಗಳಲ್ಲಿ ಔಷಧ ಆರಂಭಿಸಿದರೆ ಅದು ಉಳಿದವರಂತೆ ಓದಿ ಬಾಳಬಲ್ಲುದು. ತಿಂಗಳುಗಳು ಕಳೆದರೆ ಹೋದ ಬುದ್ಧಿ ಮರಳಿ ಬಾರದು. ಸೇಡಂ ತಾಲೂಕಿನ ಮಳಖೇಡವೇ ನೃಪತುಂಗನ ರಾಜಧಾನಿ. ಕನ್ನಡ ಜನರ ಸಹಜ ಜಾಣ್ಮೆಯನ್ನು ಹೊಗಳಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆ ಜಾಣ್ಮೆಯ ಬಗ್ಗೆ ಭಾಷಣ ಮಾಡುವ ನಾವು ಅದಕ್ಕೆ ಬೇಕಾದ ಒಂದು ಹನಿ ರಕ್ತದ ಪರೀಕ್ಷೆಯನ್ನು ಮರೆಯಬಾರದು.

ಮನೆಯಲ್ಲಿ ಮಾಡಬೇಕಾದುದು ಸರಳ. ಅಯೋಡಿನ್ ಉಪ್ಪನ್ನೇ ಕೊಂಡು, ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿಗೂ ತೇವಕ್ಕೂ ದೂರವಿಡಬೇಕು. ಉಪ್ಪನ್ನು ಹೆಚ್ಚು ತಿನ್ನಬೇಕೆಂದಲ್ಲ. ದಿನಕ್ಕೆ ಐದು ಗ್ರಾಂ ಮೀರದಿರುವುದೇ ಲೇಸು. ಶ್ರೇಷ್ಠವೆಂದು ಈಚೆಗೆ ಹೊಗಳಿ ಮಾರುವ ನಸುಗೆಂಪು ಕಲ್ಲುಪ್ಪಿನಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಕೊರಳಿನ ಗಂಟು ಬೇಗ ಬೆಳೆದರೆ, ಗಟ್ಟಿಯಾದರೆ, ದನಿ ಒಡೆದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಶಿಕ್ಷಕರಾದ ನಮ್ಮ ಪಾಲಿಗೂ ಒಂದು ಕೆಲಸವುಂಟು: ತರಗತಿಯಲ್ಲಿ ಬೆಳವಣಿಗೆ ಕುಂಠಿತವಾಗಿ ಮಂಕಾಗಿ ಕುಳಿತ ಮಗುವನ್ನು ದಡ್ಡನೆಂದು ಕರೆಯುವ ಮೊದಲು ಅದರ ತಾಯಿತಂದೆಗಳನ್ನು ಕರೆಸಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿರೆಂದು ಹೇಳುವುದು.