ಸೂರ್ಯನ ಹೊಟ್ಟೆಯಲ್ಲಿ ಅಯಸ್ಕಾಂತದ ಗಟ್ಟಿ ಇಲ್ಲ

ಸೂರ್ಯನೊಳಗೊಂದು ಕಾಯಂ ಅಯಸ್ಕಾಂತವಿದೆ, 11 ವರ್ಷಕ್ಕೊಮ್ಮೆ ಅದು ಮಗ್ಗಲು ಬದಲಿಸುತ್ತದೆ ಎಂಬ ವಾದ ಸೊಗಸಾಗಿದೆ, ನಿಜವಲ್ಲ. ಕಬ್ಬಿಣ 770 ಡಿಗ್ರಿಗೇ ಕಾಂತತ್ವ ಕಳೆದುಕೊಳ್ಳುತ್ತದೆ. ಸೂರ್ಯನ ಮೇಲ್ಮೈಯೇ ಸುಮಾರು 5,500 ಡಿಗ್ರಿ.

ಅಲ್ಲಿರುವುದು ಡೈನಮೊ, ಅಂದರೆ ಚಲನೆಯಿಂದಲೇ ಕಾಂತಕ್ಷೇತ್ರ ಹುಟ್ಟಿಸುವ ವ್ಯವಸ್ಥೆ. ಸಮಭಾಜಕದ ಬಳಿಯ ಪ್ಲಾಸ್ಮಾ ಸುಮಾರು 25 ದಿನಕ್ಕೆ ಸುತ್ತು ಮುಗಿಸಿದರೆ, ಧ್ರುವದ ಕಡೆಯದು ಹಿಂದೆ ಬೀಳುತ್ತದೆ. ಈ ಎಳೆದಾಟದಲ್ಲಿ ಕಾಂತರೇಖೆಗಳು ಹಗ್ಗದಂತೆ ಸುತ್ತಿ, ಬಲಿತು, ಮೇಲೆದ್ದು ಸೂರ್ಯನ ಕಲೆಗಳಾಗುತ್ತವೆ. ಕಲೆಗಳ ಅಳಿದುಳಿದ ಕಾಂತಕ್ಷೇತ್ರ ಧ್ರುವ ಸೇರಿ ಮುಂದಿನ 11 ವರ್ಷದ ಚಕ್ರಕ್ಕೆ ಬೀಜವಾಗುತ್ತದೆ.

ಈ ವಿವರಣೆ ಬರೀ ಊಹೆಯೇ? ಅಲ್ಲ, ಮುನ್ಸೂಚನೆಯಿಂದ ಪರೀಕ್ಷಿಸಬಹುದು. 24ನೇ ಚಕ್ರ ಪ್ರಬಲವಾಗಲಿದೆ ಎಂದು 2006ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ಣಬ್ ರಾಯ್ ಚೌಧುರಿ ಮತ್ತು ಸಂಗಡಿಗರು ಧ್ರುವದ ಕಾಂತಕ್ಷೇತ್ರದ ಲೆಕ್ಕ ಹಿಡಿದು 2007ರಲ್ಲಿ ‘ದುರ್ಬಲ’ ಎಂದರು. 2014ರಲ್ಲಿ ತುದಿ ಮುಟ್ಟಿದ ಚಕ್ರ ಸಪ್ಪೆಯಾಗಿಯೇ ಇತ್ತು.

ನಮ್ಮ ಊರುಗಳ ಬಿಸಿಲನ್ನೂ ಈ ಕಲೆಗಳ ತಲೆಗೆ ಕಟ್ಟುವುದು ಇನ್ನೂ ದೊಡ್ಡ ತಪ್ಪು: ಇಡೀ ಚಕ್ರದಲ್ಲಿ ಸೂರ್ಯನ ಒಟ್ಟು ಬೆಳಕು ಏರಿಳಿಯುವುದು ಸುಮಾರು ಶೇ. 0.1 ಮಾತ್ರ.