ಚುಕ್ಕಿಗಳಲ್ಲಿ ಕಟ್ಟಿದ ಶಿಕಾಗೊ
1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿಗಳಿದ್ದವು, ಅವೂ ಒಂದೋ ಕಪ್ಪು, ಇಲ್ಲವೇ ಬಿಳಿ. ಅಷ್ಟೇ ಬಂಡವಾಳದಲ್ಲಿ ವಿನ್ಯಾಸಕಿ ಸೂಸನ್ ಕೇರ್ ರೂಪಿಸಿದ ‘ಶಿಕಾಗೊ’ ಫಾಂಟ್ ನನಗೆ ಇವತ್ತಿಗೂ ಅಚ್ಚುಮೆಚ್ಚು. ಹತ್ತಿರದಿಂದ ನೋಡಿ: ನೆಟ್ಟಗಿನ ಗೆರೆಗಳಿಗೆ ಎರಡು ಚುಕ್ಕಿಯ ದಪ್ಪ, ಇಂಗ್ಲಿಷಿನ ‘ಐ’ ಕಿರಿದು, ‘ಎಂ’ ಅಗಲ, ಟೈಪ್‌ರೈಟರಿನ ಹಾಗೆ ಎಲ್ಲಕ್ಕೂ ಒಂದೇ ಜಾಗವಲ್ಲ. ಆ ದಪ್ಪದ ಉಪಯೋಗ ಗೊತ್ತಾಗುವುದು ಮೆನುವಿನಲ್ಲಿ. ಸದ್ಯಕ್ಕೆ ಕೆಲಸ ಮಾಡದ ಆಯ್ಕೆಯನ್ನು ಮಂಕಾಗಿಸಲು ಒಂದು ಬಿಟ್ಟು ಒಂದು ಚುಕ್ಕಿ ಅಳಿಸಿದರೂ ಪದವನ್ನು ಸಲೀಸಾಗಿ ಓದಬಹುದಿತ್ತು. ಎಂಥ ಮುಂದಾಲೋಚನೆ! 2001ರಲ್ಲಿ ಬಂದ ಐಪಾಡ್‌ನ ಪುಟ್ಟ ಪರದೆಗೂ ಇದೇ ಅಕ್ಷರ ಒದಗಿತು. ಈಗ ಈ ಬಗೆಯ ದಪ್ಪ ಪಿಕ್ಸೆಲ್ ಅಕ್ಷರಗಳು ಗೇಮ್‌ಗಳ ಹೆಸರಿಗೆ, ಪೋಸ್ಟರಿಗೆ, ಟೀ ಶರ್ಟಿಗೆ ಮರಳಿವೆ, ಅಲ್ಲಿ ಚೆನ್ನಾಗಿ ಒಪ್ಪುತ್ತವೆ ಕೂಡ. ಪುಟಗಟ್ಟಲೆ ಓದುವ ಬರಹಕ್ಕೆ ಮಾತ್ರ ಬೇಡ, ಕಣ್ಣು ಬೇಗ ದಣಿಯುತ್ತದೆ. ಇನ್ನೊಂದು ಮಾತು: ಹಿಗ್ಗಿಸುವುದಾದರೆ ಎರಡು ಪಟ್ಟು, ಮೂರು ಪಟ್ಟು ಹೀಗೆ ಇಡಿಯಾಗಿಯೇ ಹಿಗ್ಗಿಸಿ, ಒಂದೂವರೆ ಪಟ್ಟು ಮಾಡಿದರೆ ಪರದೆಯ ಚುಕ್ಕಿಗಳಿಗೆ ಹೊಂದಿಕೊಳ್ಳದೆ ಅಕ್ಷರದ ಅಂಚೆಲ್ಲ ಮಸುಕಾಗುತ್ತದೆ.