ಮಾಳದಿಂದ ಬಿದ್ದವರ ಲೆಕ್ಕ

ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಗದ್ದೆಯಂಚಿನ ಮರಗಳಲ್ಲಿ ಮತ್ತೆ ಮಾಳಗಳು ಏಳುತ್ತವೆ. ನಾಲ್ಕು ಗಳು, ಒಂದಿಷ್ಟು ಬಿದಿರಿನ ದಬ್ಬೆ, ಬಿಗಿಯಲು ಹಗ್ಗವೋ ಬಳ್ಳಿಯೋ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಇಷ್ಟಾದರೆ ಒಂದು ಹಂಗಾಮಿನ ಕಾವಲುಮನೆ ಸಿದ್ಧ. ಹಂದಿ, ಕಾಟಿ, ಆನೆಗಳಿಂದ ಬೆಳೆ ಉಳಿಸಿಕೊಳ್ಳಲು ಮನೆಯ ಒಬ್ಬರು ಅಲ್ಲಿ ರಾತ್ರಿಗಳನ್ನು ಕಳೆಯುತ್ತಾರೆ. ಬೆಳೆ ಉಳಿಯಿತೋ ಹೋಯಿತೋ ಎಂಬುದು ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ತಿಳಿಯುತ್ತದೆ. ಕಾವಲಿಗೆ ಹೋದವನು ಏಣಿಯ ಕೊನೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಸುದ್ದಿ ಮಾತ್ರ ಆ ಮನೆಯ ಅಂಗಳವನ್ನು ದಾಟುವುದು ಅಪರೂಪ. ಅದು ಹಣೆಬರಹದ ಖಾತೆಗೆ ಸೇರಿಹೋಗುತ್ತದೆ.

ಮರದ ಮೇಲೆ ಕಾದು ಕೂರುವ ವಿದ್ಯೆ ಹೊಸದಲ್ಲ. ಬೇಟೆಗಾರರ ಮಾತಿನಲ್ಲಿ ಅದಕ್ಕೆ ಮರಸು ಎಂದು ಹೆಸರು. ನೀರಿಗೋ, ಉದುರಿದ ಹಣ್ಣಿಗೋ, ತಾನೇ ಕೊಂದಿಟ್ಟ ಬಲಿಗೋ ಬರುವ ಪ್ರಾಣಿಗಾಗಿ ಕೋವಿ ಹಿಡಿದು ಅಲುಗಾಡದೆ ಕೂರುವುದು ಮಲೆನಾಡಿನಲ್ಲಿ ಮಾತ್ರವಲ್ಲ, ಬಯಲುಸೀಮೆಯಲ್ಲೂ ಇತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದಲ್ಲಿ ಜಾಲಹಳ್ಳಿಯ ಚಿರತೆಯ ಕಥೆಯೊಂದಿದೆ. ಪೂರ್ಣಚಂದ್ರ ತೇಜಸ್ವಿಯವರು ಅದನ್ನು ‘ಜಾಲಹಳ್ಳಿಯ ಕುರ್ಕ’ ಎಂದು ಕನ್ನಡಕ್ಕೆ ತಂದರು. ಯಶವಂತಪುರದ ಆಚೆಯ ಆ ಕುರುಚಲು ಕಾಡಿನ ನೆಲದಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾಲಿಟ್ಟವು. ಇಂದು ಅಲ್ಲಿ ಚಿರತೆ ಕಾಯುವ ಮರವನ್ನು ಹುಡುಕಿದರೂ ಸಿಗದು. ನಗರದ ನೆನಪಿನಲ್ಲಿ ಮಚಾನು ಒಂದು ಸಾಹಸದ ಕಥೆಯಾಗಿ ಉಳಿದಿದೆ. ಗುಡ್ಡದ ಹಳ್ಳಿಯಲ್ಲಿ ಅದು ಇಂದಿಗೂ ದುಡಿಮೆಯ ಸ್ಥಳ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. 1991ರ ತಿದ್ದುಪಡಿ ಉಳಿದಿದ್ದ ಸಂದುಗಳನ್ನೂ ಬಹುಮಟ್ಟಿಗೆ ಮುಚ್ಚಿತು. ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಕೂಡ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದನ್ನು ಹಳ್ಳಿಗಳಲ್ಲಿ ಇನ್ನೂ ಬಿಡಿಸಿ ಹೇಳಬೇಕಾಗಿದೆ. ಹೀಗೆ ಕಾಯ್ದೆಯು ಮರಸನ್ನು ನಿಷೇಧಿಸಿತು, ಮಾಳವನ್ನು ಉಳಿಸಿತು. ಕೊಲ್ಲಲು ಕೂರುತ್ತಿದ್ದ ಮರದಲ್ಲಿ ಈಗ ಕಾಯಲು ಕೂರಬೇಕಾಗಿದೆ. ಆದರೆ ಕೂರುವ ಕ್ರಮ ಅಂದಿನದೇ: ಕತ್ತಲೆ, ಮಂಜು, ತೂಕಡಿಕೆ, ಅಲುಗುವ ಬಿದಿರು.

ಬೀಳುವುದರ ಲೆಕ್ಕ ಸರಳವಾದದ್ದು. ಐದು ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡು ಸಾಕು. ಆಗ ಅವನ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಹತ್ತು ಮೀಟರಾದರೆ ಅದು 50ನ್ನು ಮುಟ್ಟುತ್ತದೆ. ಒಂದು ಸೆಕೆಂಡಿನಲ್ಲಿ ಕೊಂಬೆ ಹಿಡಿಯುತ್ತೇನೆಂಬ ಭರವಸೆ ಬರಿಯ ಭ್ರಮೆ. ಮರ ಹತ್ತಿ ಪಳಗಿದ ಕೈಕಾಲಿಗೆ ಬೀಳುವ ಭಯವಿಲ್ಲ ಎಂಬ ಮಾತಿದೆ. ಪಳಗಿದ ಕೈ ಜಾರುವುದು ಕಡಿಮೆ ಎಂಬುದು ನಿಜ. ಕೊಳೆತ ಕಟ್ಟು ಹರಿಯುವಾಗ ಪಳಗಿದವನಿಗೂ ಎಳೆಯನಿಗೂ ಭೇದವಿಲ್ಲ.

ಅಮೆರಿಕದ ಜಿಂಕೆ ಬೇಟೆಗಾರರು ಮರಕ್ಕೆ ಕಟ್ಟುವ ಆಸನಗಳಿಂದ ಬಿದ್ದು ಬಿದ್ದು ಕಲಿತ ಪಾಠಗಳು ಇಲ್ಲಿಯ ಕಾವಲುಗಾರನಿಗೂ ಸಲ್ಲುತ್ತವೆ. ಮೊದಲನೆಯದು, ಅಪಾಯ ಮೇಲೆ ಕುಳಿತಾಗ ಮಾತ್ರವಲ್ಲ, ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಣಿಗೆಗೆ ಕಾಲು ಬದಲಿಸುವಾಗ ಹೆಚ್ಚು. ಆದ್ದರಿಂದ ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವ ಗಳಿಗೆಯವರೆಗೂ ದೇಹವು ಹಗ್ಗಕ್ಕೆ ಸೇರಿರಬೇಕು. ಮರದ ಮೇಲಿನಿಂದ ಬುಡದವರೆಗೆ ಇಳಿಬಿಟ್ಟ ಗಟ್ಟಿ ಹಗ್ಗಕ್ಕೆ, ಕೈಯಿಂದ ಸರಿಸಿದರೆ ಸರಿಯುವ, ಭಾರ ಬಿದ್ದರೆ ಬಿಗಿಯುವ ಗಂಟಿನ ಮೂಲಕ ಸೊಂಟಪಟ್ಟಿಯನ್ನಲ್ಲ, ಹೆಗಲು–ಎದೆ–ತೊಡೆಗಳನ್ನು ಬಳಸಿದ ಪೂರ್ಣ ಪಟ್ಟಿಯನ್ನು ಜೋಡಿಸುವುದು ಅಲ್ಲಿಯ ಕ್ರಮ. ಸೊಂಟಕ್ಕೆ ಮಾತ್ರ ಕಟ್ಟಿದ ಹಗ್ಗ ಬಿದ್ದವನ ಉಸಿರನ್ನೇ ಕಟ್ಟಬಲ್ಲದು ಎಂಬುದು ಎರಡನೆಯ ಪಾಠ. ಮೂರನೆಯದನ್ನು ತಿಳಿದವರು ಕಡಿಮೆ: ಪೂರ್ಣ ಪಟ್ಟಿಯಲ್ಲಿ ನೇತಾಡುತ್ತ ಉಳಿದವನಿಗೂ ಕಾಲುಗಳಲ್ಲಿ ರಕ್ತ ನಿಂತು ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು. ಕಾಲೂರಲು ಒಂದು ಹಗ್ಗದ ಕುಣಿಕೆ ಜೇಬಿನಲ್ಲಿದ್ದರೆ ಅದೇ ಪ್ರಾಣ ಉಳಿಸುತ್ತದೆ.

ಪಟ್ಟಿ ಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಮಾಳ ಕಟ್ಟುವ ಕ್ರಮದಲ್ಲೇ ಅರ್ಧ ರಕ್ಷಣೆಯಿದೆ. ಹಾಲುವಾಣ, ನುಗ್ಗೆಯಂಥ ಮೆದು ಮರಗಳೂ ಥಟ್ಟನೆ ಮುರಿಯುವ ಸಿಲ್ವರ್ ಓಕ್ ಕೊಂಬೆಗಳೂ ಮನುಷ್ಯನ ಭಾರಕ್ಕೆ ತಕ್ಕವಲ್ಲ. ಕಳೆದ ವರ್ಷದ ಬಿದಿರು ಹೊರಗೆ ಹಳದಿಯಾಗಿ ಗಟ್ಟಿ ಕಂಡರೂ ಒಳಗಿನ ಪಿಷ್ಟವನ್ನು ತಿಂದ ಹುಳು ಅದನ್ನು ಹಿಟ್ಟು ಮಾಡಿರುತ್ತದೆ. ಗಳುವಿನ ಬುಡದಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಅದನ್ನು ಒಲೆಗೆ ಹಾಕುವುದೇ ಲೇಸು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಗೆ ವಿಜ್ಞಾನದ ಒಪ್ಪಿಗೆಯೂ ಇದೆ, ಏಕೆಂದರೆ ಹುಳುವಿಗೆ ಬೇಕಾದ ಪಿಷ್ಟ ಹಾಗೆ ತೊಳೆದುಹೋಗುತ್ತದೆ. ಒಂದು ಮಳೆಗಾಲ ಕಂಡ ನಾರಿನ ಹಗ್ಗವನ್ನೂ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಹಗ್ಗವನ್ನೂ ಎರಡನೆಯ ವರ್ಷ ನಂಬಬಾರದು. ಏಣಿಯ ಎರಡು ಕಾಲು, ಎರಡು ಕೈಗಳಲ್ಲಿ ಮೂರು ಸದಾ ಆಧಾರದಲ್ಲಿರಬೇಕು; ಕತ್ತಿ, ಬ್ಯಾಟರಿ, ಬುತ್ತಿಯನ್ನು ಕೈಯಲ್ಲಿ ಹಿಡಿದು ಹತ್ತದೆ ಮೇಲೆ ಹೋದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ತುಂಬಿದ ಕೋವಿಯೊಡನೆ ಮರ ಹತ್ತುವುದು ತನ್ನ ಮೇಲೆ ತಾನೇ ಈಡು ಹಾರಿಸಿಕೊಳ್ಳುವ ದಾರಿ. ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಮೊಬೈಲಿಗೆ ಸಿಗ್ನಲ್ ಸಿಗದ ಕಣಿವೆಯಲ್ಲಿ ಕೊರಳಿಗೆ ಕಟ್ಟಿದ ಸಿಳ್ಳೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಿದ್ದವನನ್ನು ಎತ್ತುವ ವಿಧಾನವೂ ಕಲಿಯಬೇಕಾದ ವಿದ್ಯೆ. ಪ್ರೀತಿಯಿಂದ ಓಡಿಬಂದವರು ಅವನನ್ನು ಎತ್ತಿ ಕೂರಿಸಿ ನೀರು ಕುಡಿಸುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಆ ಪ್ರೀತಿಯೇ ಅವನ ಕಾಲುಗಳ ಶಕ್ತಿಯನ್ನು ಶಾಶ್ವತವಾಗಿ ಕಸಿಯಬಹುದು. ಕುತ್ತಿಗೆ ಅಲುಗದಂತೆ ಹಿಡಿದು, ಮೈಯನ್ನು ಒಂದೇ ಮರದ ತುಂಡಿನಂತೆ ಹೊರಳಿಸಿ, ಬಾಗಿಲ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. 2008ರಿಂದ ರಾಜ್ಯದಲ್ಲಿ 108ರ ಆಂಬುಲೆನ್ಸ್ ಇದೆ. ಅದು ಗುಡ್ಡ ಹತ್ತಿ ಬರುವವರೆಗಿನ ಹೊತ್ತು ಊರಿನವರ ಕೈಯಲ್ಲಿದೆ.

ಮಾಳದ ಮಾತು ತೋಟದ ಮಾತೂ ಹೌದು. ಕಾಲಿಗೆ ತಳೆ ಹಾಕಿ ಹತ್ತಿ, ಮರದಿಂದ ಮರಕ್ಕೆ ಬಾಗಿ ಹಾಯುವ ಕೊನೆಗಾರನಿಗೆ ಮಳೆಗಾಲದ ಪಾಚಿಗಟ್ಟಿದ ಅಡಿಕೆ ಮರವೇ ಅಟ್ಟಣಿಗೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದ ಕಾಲವೂ ಮರ ಅತಿಯಾಗಿ ಜಾರುವ ಕಾಲವೂ ಒಂದೇ. ಇಲ್ಲಿ ಬದಲಾವಣೆ ಆರಂಭವಾಗಿದೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅನೇಕ ತೋಟಗಳಲ್ಲಿ ನೆಲದಿಂದಲೇ ಕೊಯ್ಲು ಸಾಧ್ಯವಾಗಿದೆ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ರೈತರೊಬ್ಬರು ರೂಪಿಸಿದ ಮರ ಏರುವ ಮೋಟಾರು ಯಂತ್ರ ನಾಡಿನ ಗಮನ ಸೆಳೆಯಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿಯನ್ನು ಆರಂಭಿಸಿ, ಮರ ಹತ್ತುವವರಿಗೆ ಯಂತ್ರವನ್ನೂ ಅಪಘಾತ ವಿಮೆಯನ್ನೂ ಜೊತೆಗೂಡಿಸಿತು. ತೆಂಗಿನ ಮರ ಹತ್ತುವವನಿಗೆ ಸಲ್ಲುವ ನ್ಯಾಯ ಮಾಳ ಹತ್ತುವವನಿಗೆ ಏಕೆ ಸಲ್ಲಬಾರದು?

ಈ ಪ್ರಶ್ನೆಯನ್ನು ಕೇಳಬೇಕಾದ ಸ್ಥಳಗಳಲ್ಲಿ ಹೆಬ್ಬಾಳವೂ ಒಂದು. ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ 1899ರಲ್ಲಿ ಜರ್ಮನ್ ವಿಜ್ಞಾನಿ ಲೆಹಮನ್ ಅವರು ಮಣ್ಣು–ಬೆಳೆಗಳ ಪ್ರಯೋಗ ಆರಂಭಿಸಿದ ನೆಲ ಅದು. ಅಲ್ಲಿಂದ ಬೆಳೆದ ಪರಂಪರೆ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಯಲಹಂಕದ ದಾರಿಯ ಜಿಕೆವಿಕೆ ಆವರಣದ ಕೃಷಿಮೇಳಕ್ಕೆ ಇಂದು ಲಕ್ಷಾಂತರ ಜನ ಬರುತ್ತಾರೆ. ತಳಿ, ಗೊಬ್ಬರ, ನೀರು, ಯಂತ್ರ ಎಲ್ಲಕ್ಕೂ ಅಲ್ಲಿ ಮಳಿಗೆಯಿದೆ. ಬೆಳೆಯನ್ನು ರಾತ್ರಿ ಕಾಯುವವನ ಬೆನ್ನುಮೂಳೆಗೂ ಒಂದು ಮಳಿಗೆ ಬೇಕು. ಅದೇ ಹೆಬ್ಬಾಳ, ಯಲಹಂಕಗಳ ಬಹುಮಹಡಿ ಕಟ್ಟಡಗಳಲ್ಲಿ ಎತ್ತರಕ್ಕೆ ಏರುವ ಕಾರ್ಮಿಕನ ಮೈಮೇಲೆ ಐಎಸ್ 3521ರ ಮುದ್ರೆಯ ರಕ್ಷಣಾ ಪಟ್ಟಿ ಇರಬೇಕೆಂದು ಬಯಸುವ ಸಮಾಜ, ಅನ್ನ ಬೆಳೆಯುವವನು ಅಷ್ಟೇ ಎತ್ತರದಲ್ಲಿ ಬರಿಮೈಯಲ್ಲಿ ಕೂರುವುದನ್ನು ಸಹಜವೆಂದು ಒಪ್ಪಿಕೊಂಡಿದೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಬಂದಿಳಿಯುವ ಚೀಲದ ಮೇಲೆ ತೂಕ ಬರೆದಿರುತ್ತದೆ; ಕಾವಲಿನ ರಾತ್ರಿಗಳನ್ನು ಯಾರೂ ಬರೆಯುವುದಿಲ್ಲ.

ಪರಿಸರ ಚಳವಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿರಬಹುದು. ಸಂಬಂಧ ನೇರವಾದದ್ದು. ಕಾವಲು ಕಷ್ಟವಾದಷ್ಟೂ, ಅಪಾಯಕರವಾದಷ್ಟೂ, ರೈತನ ಕೈ ಬೇಲಿಗೆ ವಿದ್ಯುತ್ ಹರಿಸುವ ಕಡೆಗೆ, ಉರುಳಿನ ಕಡೆಗೆ, ನಾಡಬಾಂಬಿನ ಕಡೆಗೆ ಹೊರಳುತ್ತದೆ. ಅಂಥ ಕಳ್ಳ ತಂತಿ ಹಂದಿಯನ್ನೂ ಆನೆಯನ್ನೂ ಪಕ್ಕದ ಮನೆಯ ಮಗುವನ್ನೂ ಗುರುತಿಸದೆ ಕೊಲ್ಲುತ್ತದೆ. ಎಚ್ಚರವಾಗಿ ಕುಳಿತು, ಕೂಗಿ, ತಮಟೆ ಬಡಿದು, ಬೆಳಕು ಬಿಟ್ಟು ಪ್ರಾಣಿಯನ್ನು ಹಿಂದೆ ಕಳಿಸುವ ಕಾವಲು ಕಾಡಿನೊಡನೆ ಊರು ಮಾಡಿಕೊಂಡ ಹಳೆಯ ಒಪ್ಪಂದ. ಆ ಒಪ್ಪಂದದ ಭಾರವನ್ನು ಹೊತ್ತಿರುವುದು ಮಾಳದಲ್ಲಿ ಕುಳಿತ ಜೀವ. ಅದನ್ನು ಬೀಳಗೊಟ್ಟು ವನ್ಯಜೀವಿಯನ್ನು ಉಳಿಸುತ್ತೇವೆನ್ನುವುದು ಬುಡ ಕಡಿದು ತುದಿಗೆ ನೀರೆರೆದಂತೆ.

ಆಗಬೇಕಾದ ಕೆಲಸ ಅಸಾಧ್ಯವಾದದ್ದೇನಲ್ಲ. ಕಾಡುಪ್ರಾಣಿಯ ದಾಳಿಗೆ ಪರಿಹಾರ ಕೊಡುವ ವ್ಯವಸ್ಥೆ, ಅದೇ ಪ್ರಾಣಿಯಿಂದ ಬೆಳೆ ಕಾಯುತ್ತ ಬಿದ್ದವನನ್ನೂ ಕಣ್ಣೆತ್ತಿ ನೋಡಬೇಕು. ಸಹಕಾರಿ ಸಂಘಗಳು ಗೊಬ್ಬರದೊಡನೆ ಪೂರ್ಣ ರಕ್ಷಣಾ ಪಟ್ಟಿಯನ್ನೂ ಸಾಲದ ಮೇಲೆ ಇಲ್ಲವೆ ಬಾಡಿಗೆಗೆ ಇಡಬಹುದು. ಹಂಗಾಮಿಗೊಂದು ಕೇರಿಗೆ ಎರಡು ಇದ್ದರೂ ಆರಂಭಕ್ಕೆ ಸಾಕು. ಕೃಷಿ ಎಂಜಿನಿಯರುಗಳು ನಗರದ ಕಟ್ಟಡಕ್ಕೆಂದು ಮಾಡಿದ ಪಟ್ಟಿಯನ್ನು ಮರಕ್ಕೂ ಮಳೆಗೂ ಹೆಣ್ಣುಮಕ್ಕಳ ಮೈಕಟ್ಟಿಗೂ ಹೊಂದುವಂತೆ ತಿದ್ದಿಕೊಡಬೇಕು, ಏಕೆಂದರೆ ಗಂಡಸರು ಪೇಟೆಗೆ ದುಡಿಯಲು ಹೋದ ಮನೆಗಳಲ್ಲಿ ಕಾವಲಿಗೆ ಕೂರುವವರು ಹೆಂಗಸರೇ. ಎಲ್ಲಕ್ಕಿಂತ ಮೊದಲು ಲೆಕ್ಕ ಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದು ತಂಗುವ ಕೃಷಿ ವಿದ್ಯಾರ್ಥಿಗಳು ಮಣ್ಣಿನ ಮಾದರಿ ಸಂಗ್ರಹಿಸುವಂತೆಯೇ ಮನೆಮನೆಯಲ್ಲಿ ಒಂದು ಪ್ರಶ್ನೆ ಕೇಳಲಿ: ಈ ಮನೆಯಲ್ಲಿ ಮರದಿಂದ, ಮಾಳದಿಂದ ಬಿದ್ದವರು ಯಾರಿದ್ದಾರೆ? ಎಷ್ಟು ಎತ್ತರದಿಂದ, ಯಾವ ಮರದಿಂದ, ಹತ್ತುವಾಗಲೋ ಇಳಿಯುವಾಗಲೋ? ಉತ್ತರ ಹೇಳಲು ಮೂಲೆಯ ಮಂಚದಿಂದ ಒಂದು ದನಿ ಬಂದೀತು. ಅದನ್ನು ಬರೆದುಕೊಳ್ಳುವ ಪುಸ್ತಕ ಇದುವರೆಗೆ ಆ ಮನೆಗೆ ಬಂದಿಲ್ಲ.

ಈ ಹಂಗಾಮಿನ ಮಾಳ ಕಟ್ಟುವ ಮುನ್ನ ಹಳೆಯ ಹಗ್ಗವನ್ನು ಒಮ್ಮೆ ಬಿಚ್ಚಿ ನೋಡುವುದರಿಂದಲೇ ಕೆಲಸ ಆರಂಭವಾಗಲಿ.